ಹೇಸರಗತ್ತೆಯ ಲಗಾಮು, ತಕ್ಕಡಿಯ ಮುಳ್ಳು

(ಬದುಕಿನ ಗುರಿ ಹುಡುಕುವ ಬಗೆಯನ್ನು ಕುರಿತ ಉಪನ್ಯಾಸದ ಬರಹ ರೂಪ)

1529ರಲ್ಲಿ ಪ್ಯಾರಿಸ್ಸಿನ ಸೇಂಟ್ ಬಾರ್ಬ್ ಕಾಲೇಜಿನ ಒಂದು ಕೋಣೆಯಲ್ಲಿ ಮೂವರು ವಿದ್ಯಾರ್ಥಿಗಳಿದ್ದರು. ಇಬ್ಬರಿಗೆ 23 ವರ್ಷ. ಮೂರನೆಯವರಿಗೆ 38ರ ಆಸುಪಾಸು, ನಡಿಗೆ ಸ್ವಲ್ಪ ಕುಂಟು. ಎಳೆಯರಲ್ಲಿ ಒಬ್ಬರು ಸವಾಯ್ ಬೆಟ್ಟಸೀಮೆಯ ಪೀಟರ್ ಫೇಬರ್, ಚಿಕ್ಕಂದಿನಲ್ಲಿ ಕುರಿ ಕಾದವರು. ಓದಿನಲ್ಲಿ ಚುರುಕು, ಆದರೆ ಮುಂದೇನು ಎಂಬುದೇ ಗೊತ್ತಿಲ್ಲ. ಮದುವೆಯಾಗುವುದೋ, ವೈದ್ಯನಾಗುವುದೋ, ವಕೀಲನೋ, ಪಾಠ ಹೇಳುವುದೋ, ದೇವಶಾಸ್ತ್ರದ ಪಂಡಿತನೋ, ಪದವಿಯ ಗೊಡವೆಯಿಲ್ಲದ ಸಾದಾ ಗುರುವೋ, ಮಠ ಸೇರಿ ಸನ್ಯಾಸಿಯೋ? ಈ ಆಸೆಗಳೆಲ್ಲ ತಮ್ಮೊಳಗೆ ಒಂದಾದ ಮೇಲೊಂದು ಬಂದು ಹೋಗುತ್ತಿದ್ದವೆಂದು ಮುಂದೆ ಅವರೇ ಬರೆದಿಟ್ಟಿದ್ದಾರೆ. ಪಿಯುಸಿ ಮುಗಿಸಿದ ಮಕ್ಕಳಿರುವ ಯಾವ ಮನೆಗೂ ಇದು ಹೊಸ ಪಟ್ಟಿಯಲ್ಲ.

ಉಳಿದಿಬ್ಬರ ಹೆಸರು ನಮ್ಮ ಕಡೆಯವರಿಗೆ ಕೇಳಿ ಗೊತ್ತಿರುವುದೇ. ಬೆಂಗಳೂರು, ಮೈಸೂರು ಸೀಮೆಯ ಹಳೆಯ ಕಥೋಲಿಕ ಮನೆತನಗಳಲ್ಲಿ ಇನ್ನಾಸಪ್ಪ, ಚೌರಪ್ಪ ಎಂದು ಕರೆಯುತ್ತೇವಲ್ಲ, ಆ ಹೆಸರುಗಳ ಮೂಲ ಪುರುಷರು ಇವರು: ಇಗ್ನೇಷಿಯಸ್ ಲೊಯೊಲಾ ಮತ್ತು ಫ್ರಾನ್ಸಿಸ್ ಕ್ಸೇವಿಯರ್. ಹಿರಿಯ ಕುಂಟ ವಿದ್ಯಾರ್ಥಿಯೇ ಇಗ್ನೇಷಿಯಸ್.

ಫೇಬರ್ ತಮ್ಮ ತೊಳಲಾಟವನ್ನು ಅವರ ಮುಂದೆ ತೋಡಿಕೊಂಡರು. ಸಿಕ್ಕಿದ್ದು ಉತ್ತರವಲ್ಲ, ಒಂದು ದಿನಚರಿ. ಇದುವರೆಗಿನ ಬದುಕನ್ನೆಲ್ಲ ಎದುರಿಗಿಟ್ಟುಕೊಂಡು ಒಮ್ಮೆ ಪಾಪನಿವೇದನೆ (ಗುರುವಿನ ಮುಂದೆ ತಪ್ಪೊಪ್ಪಿಗೆ), ಆಮೇಲೆ ವಾರಕ್ಕೊಮ್ಮೆ ಪಾಪನಿವೇದನೆ ಮತ್ತು ಪರಮಪ್ರಸಾದ (ಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿ), ದಿನವೂ ಆತ್ಮಶೋಧನೆ. ಇಷ್ಟೇ. ಇದು ಸುಮಾರು ನಾಲ್ಕು ವರ್ಷ ನಡೆಯಿತು. 1534ರ ಚಳಿಗಾಲದಲ್ಲಷ್ಟೇ ಇಗ್ನೇಷಿಯಸ್ ಫೇಬರರಿಗೆ 30 ದಿನಗಳ ಪೂರ್ಣ ಧ್ಯಾನ ಮಾಡಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಫೇಬರ್ ಗುರುದೀಕ್ಷೆ ಪಡೆದು ಪಾದ್ರಿಯಾದರು.

ಬದುಕಿಗೆ ಅರ್ಥವೇನು ಎಂದರೆ ಕ್ರೈಸ್ತ ವಿಶ್ವಾಸದ ಉತ್ತರ ಒಂದು ಸಾಲಿನಲ್ಲಿ ಮುಗಿಯುತ್ತದೆ: ದೇವರಿಂದ ಬಂದಿದ್ದೀರಿ, ದೇವರಿಗಾಗಿ ಇದ್ದೀರಿ, ದೇವರ ಕಡೆಗೇ ಹೊರಟಿದ್ದೀರಿ. ಭಾನುವಾರ ಪ್ರಬೋಧನೆಯಲ್ಲಿ ಇದನ್ನು ಕೇಳಿ ತಲೆಯಾಡಿಸುತ್ತೇವೆ. ಸೋಮವಾರ ಬೆಳಿಗ್ಗೆ ಏಳುವ ಪ್ರಶ್ನೆ ಬೇರೆ. ಈ ಕೆಲಸ ಬಿಡಲೋ, ಇರಲೋ? ಈ ಸಂಬಂಧ ಒಪ್ಪಲೋ? ಊರಿಗೆ ಮರಳಲೋ? ಆ ಒಂದು ಸಾಲಿಗೂ ಈ ಪ್ರಶ್ನೆಗಳಿಗೂ ನಡುವೆ ದೊಡ್ಡ ಕಂದಕವಿದೆ. ಅದನ್ನು ದಾಟುವುದಕ್ಕೆ ಇಗ್ನೇಷಿಯಸ್ ಕಟ್ಟಿದ ಸಂಕವೇ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಸಣ್ಣ ಕೈಪಿಡಿ. 1548ರಲ್ಲಿ ಪೋಪ್ ಮೂರನೆಯ ಪೌಲರ ಅನುಮೋದನೆ ಪಡೆದ ಈ ಪುಸ್ತಕವನ್ನು ಓದಿ ಆನಂದಿಸಲು ಕೂತರೆ ನಿರಾಸೆಯೇ. ಅಡುಗೆ ಪುಸ್ತಕವನ್ನು ಓದಿ ಹೊಟ್ಟೆ ತುಂಬಿಸಿಕೊಳ್ಳಲು ಹೊರಟಂತೆ. ಅದು ಮಾಡುವುದಕ್ಕಿರುವ ಪುಸ್ತಕ. ಅದರಿಂದ ನಿತ್ಯದ ಬಳಕೆಗೆ ಬರುವ ಭಾಗಗಳನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇವೆ.

ಮೊದಲು ಇದು ಹುಟ್ಟಿದ ಹಾಸಿಗೆ. 1521ರ ಮೇ 20ರಂದು ಸ್ಪೇನಿನ ಪಾಂಪ್ಲೋನಾ ಕೋಟೆಯನ್ನು ಕಾಯುತ್ತಿದ್ದಾಗ ಫಿರಂಗಿ ಗುಂಡು ಇಗ್ನೇಷಿಯಸರ ಬಲಗಾಲು ಮುರಿಯಿತು. ಹುಟ್ಟೂರು ಲೊಯೊಲಾದ ಮನೆಗೆ ಹೊತ್ತು ತಂದರು. ಮೂಳೆ ಸರಿಯಾಗಿ ಕೂಡಲಿಲ್ಲ, ಮೊಣಕಾಲ ಕೆಳಗೆ ಗಂಟಿನಂತೆ ಎದ್ದು ನಿಂತಿತು. ಆಗಿನ ಶೋಕಿಯ ಬಿಗಿ ಬೂಟು ಹಾಕಿಕೊಳ್ಳಲು ಅದು ಅಡ್ಡಿ ಎಂದು, ಮಂಪರು ಮದ್ದಿಲ್ಲದ ಆ ಕಾಲದಲ್ಲಿ ಆ ಮೂಳೆಯನ್ನು ಗರಗಸದಿಂದ ಕೊಯ್ಯಿಸಿಕೊಂಡವರು ಅವರು. ಮಲಗಿದಲ್ಲಿ ಹೊತ್ತು ಹೋಗದೆ ವೀರರ ಪ್ರೇಮಕಥೆಗಳ ಪುಸ್ತಕ ಕೇಳಿದರು. ಆ ಮನೆಯಲ್ಲಿದ್ದದ್ದು ಎರಡೇ, ಕ್ರಿಸ್ತನ ಜೀವನ ಚರಿತ್ರೆ ಮತ್ತು ಸಂತರ ಕಥೆಗಳು.

ಓದುವ ಬಿಡುವಿನಲ್ಲಿ ಹಗಲುಗನಸು. ಒಮ್ಮೆ, ಮನಸ್ಸಿನಲ್ಲಿದ್ದ ಒಬ್ಬ ದೊಡ್ಡ ಮನೆತನದ ಹೆಣ್ಣಿಗಾಗಿ ಯಾವ ಸಾಹಸ ಮಾಡಲಿ, ಏನು ಮಾತಾಡಲಿ ಎಂದು ಮೂರು ನಾಲ್ಕು ಗಂಟೆ. ಇನ್ನೊಮ್ಮೆ, ಅಸ್ಸಿಸಿಯ ಸಂತ ಫ್ರಾನ್ಸಿಸರು ಮಾಡಿದ್ದನ್ನು ನಾನೂ ಮಾಡಿದರೆ ಹೇಗೆ ಎಂದು. ಎರಡೂ ಕಾಣುವಾಗ ಸಿಹಿಯೇ. ವ್ಯತ್ಯಾಸ ಆಮೇಲೆ. ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿ ಬೇಸರಗೊಳ್ಳುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಮಾಧಾನ ಉಳಿಯುತ್ತಿತ್ತು. ಬಹಳ ದಿನ ಇದು ಅವರ ಗಮನಕ್ಕೇ ಬರಲಿಲ್ಲ. ಒಂದು ದಿನ ಬಂತು. ಅವರು ಮುಂದೆ ಕಲಿಸಿದ್ದರ ಬೇರು ಈ ಒಂದು ಗಮನಿಕೆಯಲ್ಲಿದೆ: ಆಸೆಯ ರುಚಿ ನೋಡಬೇಕಾದದ್ದು ಅದು ಬಾಯಲ್ಲಿದ್ದಾಗಲ್ಲ, ಇಳಿದ ಮೇಲೆ.

ಗಮನಕ್ಕೆ ಬಂದ ಮಾತ್ರಕ್ಕೆ ವಿವೇಕ ಬಂದುಬಿಡಲಿಲ್ಲ ಎನ್ನುವುದನ್ನೂ ಹೇಳಬೇಕು. ಗುಣವಾಗಿ ಮೊಂಟ್ಸೆರಾಟ್ ಯಾತ್ರೆಗೆ ಹೇಸರಗತ್ತೆಯ ಮೇಲೆ ಹೊರಟಾಗ ದಾರಿಯಲ್ಲಿ ಒಬ್ಬ ಮೂರ್ (ಸ್ಪೇನಿನ ಮುಸ್ಲಿಂ) ಪ್ರಯಾಣಿಕ ಜೊತೆಯಾದ. ಮಾತು ಯೇಸುವಿನ ತಾಯಿ ಮರಿಯಮ್ಮನವರ ಕನ್ಯತ್ವದ ಕಡೆಗೆ ಹೊರಳಿತು. ಆತ ತನಗೆ ಒಪ್ಪಿಗೆಯಾಗದ್ದನ್ನು ನೇರವಾಗಿ ಹೇಳಿ ಮುಂದೆ ಸಾಗಿದ. ಇವರಿಗೆ ಕುದಿ: ಬೆನ್ನಟ್ಟಿ ಹೋಗಿ ಕಠಾರಿಯಿಂದ ಇರಿಯಲೇ, ಬಿಡಲೇ? ತೀರ್ಮಾನವಾಗದೆ ಕವಲುದಾರಿಯಲ್ಲಿ ಲಗಾಮು ಸಡಿಲ ಬಿಟ್ಟರು. ಕತ್ತೆ ಆತ ಹೋದ ಹಳ್ಳಿಯ ದಾರಿ ಹಿಡಿದರೆ ಇರಿಯುವುದು, ಹೆದ್ದಾರಿ ಹಿಡಿದರೆ ಬಿಡುವುದು. ಹಳ್ಳಿಯ ದಾರಿ ಅಗಲವೂ ಚೆನ್ನಾಗಿಯೂ ಇತ್ತು. ಆದರೂ ಕತ್ತೆ ಹೆದ್ದಾರಿ ಹಿಡಿಯಿತು. ಒಬ್ಬ ನಿರಪರಾಧಿ ಬದುಕಿಕೊಂಡ. ತಮ್ಮ ಮನಸ್ಸು ಆಗ ಎಷ್ಟು ಕುರುಡಾಗಿತ್ತು ಎಂದು ತೋರಿಸಲೆಂದೇ ಇಗ್ನೇಷಿಯಸ್ ಮುಪ್ಪಿನಲ್ಲಿ ಈ ಪ್ರಸಂಗವನ್ನು ಹೇಳಿ ಬರೆಸಿದರು.

ಇವತ್ತು ನಾವು ಕತ್ತೆ ಏರುವುದಿಲ್ಲ. ಬದಲಿಗೆ ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಡುತ್ತೇವೆ. ಪೀಠದ ಮುಂದೆ ಎರಡು ಚೀಟಿ ಮಡಚಿಟ್ಟು ಒಂದನ್ನು ಎತ್ತುತ್ತೇವೆ. 'ಈ ಶುಕ್ರವಾರದೊಳಗೆ ಫೋನ್ ಬಂದರೆ ದೈವಚಿತ್ತ' ಎಂದು ದೇವರಿಗೇ ಗಡುವು ಕೊಡುತ್ತೇವೆ. ಇದರಲ್ಲಿ ಭಕ್ತಿ ಕಡಿಮೆ ಎಂದಲ್ಲ. ತೊಂದರೆ ಏನೆಂದರೆ, ದೇವರು ಕೊಟ್ಟ ಬುದ್ಧಿ, ನೆನಪು, ಮನಸ್ಸು ಮೂರನ್ನೂ ಪಕ್ಕಕ್ಕಿಟ್ಟು ಲಗಾಮನ್ನು ಆಕಸ್ಮಿಕದ ಕೈಗೆ ಕೊಟ್ಟಿರುತ್ತೇವೆ. ಇಗ್ನೇಷಿಯಸರ ಕೈಪಿಡಿಯಲ್ಲಿ ಇಂಥದ್ದಕ್ಕೆ ಒಂದು ಸಾಲಿನ ಜಾಗವೂ ಇಲ್ಲ.

ಅಲ್ಲಿರುವುದು ತಕ್ಕಡಿ. ಆರಂಭದ ಪುಟದಲ್ಲೇ ಒಂದು ಷರತ್ತು: ಆರೋಗ್ಯವೇ ಬೇಕು ಕಾಯಿಲೆ ಬೇಡ, ಸಿರಿತನವೇ ಬೇಕು ಬಡತನ ಬೇಡ, ಮಾನವೇ ಬೇಕು ಅವಮಾನ ಬೇಡ, ದೀರ್ಘಾಯುಷ್ಯವೇ ಬೇಕು ಅಲ್ಪಾಯುಷ್ಯ ಬೇಡ ಎಂದು ಮೊದಲೇ ಪಟ್ಟು ಹಿಡಿದು ಕೂರಬಾರದು. ಇದನ್ನು ಕಲ್ಲುಮನಸ್ಸು ಎಂದು ತಿಳಿದವರಿದ್ದಾರೆ. ತಪ್ಪು. ಅಂಗಡಿಯವನು ತೂಕ ಹಾಕುವ ಮುಂಚೆ ಖಾಲಿ ತಕ್ಕಡಿ ಎತ್ತಿ, ಮುಳ್ಳು ನಡುವೆ ನಿಂತಿದೆಯೇ ಎಂದು ನೋಡುತ್ತಾನಲ್ಲ, ಅಷ್ಟೇ ಇದು. ಒಂದು ತಟ್ಟೆಯ ತಳಕ್ಕೆ ಹುಣಸೆಹಣ್ಣು ಅಂಟಿಕೊಂಡಿದ್ದರೆ ಮುಂದಿನ ತೂಕವೆಲ್ಲ ಸುಳ್ಳು. ನಿರ್ಧಾರಕ್ಕೆ ಮುಂಚಿನ ಕೆಲಸವೆಂದರೆ ಆ ಹುಣಸೆಹಣ್ಣು ಎಲ್ಲಿ ಅಂಟಿದೆ ಎಂದು ಹುಡುಕುವುದು.

ಹುಡುಕಲು ಅವರು ಕೊಡುವ ಒಂದು ಸಾಧನ 'ಮೂರು ಬಗೆಯ ಜನ'. ಮೂವರ ಕೈಗೂ 10,000 ಡುಕಾಟ್ ಹಣ ಬಂದಿದೆ, ಅದೂ ಪೂರ್ತಿ ಶುದ್ಧ ಉದ್ದೇಶದಿಂದ ಬಂದದ್ದಲ್ಲ. ಅದರ ಮೋಹ ಮನಸ್ಸಿಗೆ ಭಾರ ಎಂದು ಮೂವರಿಗೂ ಗೊತ್ತು. ಒಂದನೆಯವನು ಮೋಹ ಕಳಚಬೇಕು ಕಳಚಬೇಕು ಎನ್ನುತ್ತಲೇ ಸಾಯುವವರೆಗೆ ಏನನ್ನೂ ಮಾಡುವುದಿಲ್ಲ. ಎರಡನೆಯವನು ಮೋಹ ಕಳಚಲು ಸಿದ್ಧ, ಆದರೆ ಹಣ ಮಾತ್ರ ತನ್ನಲ್ಲೇ ಇರಬೇಕು. ದೇವರೇ ತನ್ನ ಕಡೆಗೆ ಬಂದು ಒಪ್ಪಿಗೆ ಹಾಕಲಿ ಎಂಬ ಲೆಕ್ಕ. ಮೂರನೆಯವನು ಇಟ್ಟುಕೊಳ್ಳಲೂ ಸೈ, ಕೊಡಲೂ ಸೈ, ಯಾವುದು ದೇವರ ಸೇವೆಗೆ ಒದಗುತ್ತದೋ ಅದು. ನಮ್ಮಲ್ಲಿ ಬಹುಮಂದಿ ಎರಡನೆಯ ಗುಂಪಿನವರು. ದೈವಚಿತ್ತ ಕೇಳುತ್ತೇವೆ, ಆದರೆ ಸೈಟು ಬುಕ್ ಮಾಡಿ ಅಡ್ವಾನ್ಸ್ ಕೊಟ್ಟ ಮೇಲೆ. ಮೊದಲು ಸಾಧನವನ್ನು ಆರಿಸಿಕೊಂಡು ಆಮೇಲೆ ದೇವರನ್ನು ಅದಕ್ಕೆ ಜೋಡಿಸುವುದು ತಲೆಕೆಳಗಾದ ಕ್ರಮ ಎಂದು ಕೈಪಿಡಿ ಎಚ್ಚರಿಸುತ್ತದೆ. ಮದುವೆಯಾಗಬೇಕು ಎಂದು ಮೊದಲು, ಆ ಮದುವೆಯಲ್ಲಿ ದೇವರ ಸೇವೆ ಎಂದು ಆಮೇಲೆ. ಚರ್ಚಿನ ಹುದ್ದೆ ಮೊದಲು, ಸೇವೆ ಆಮೇಲೆ. ಗುರುಗಳಿಗೂ ಇದರಲ್ಲಿ ವಿನಾಯಿತಿಯಿಲ್ಲ.

ಈಗ ಫೇಬರರ ನಾಲ್ಕು ವರ್ಷದ ದಿನಚರಿಗೆ, ಅಂದರೆ ಆತ್ಮಶೋಧನೆಗೆ ಬರೋಣ. ರಾತ್ರಿ ಊಟದ ನಂತರ, ಮಲಗುವುದಕ್ಕೆ ಸ್ವಲ್ಪ ಮುಂಚೆ, ಹದಿನೈದು ನಿಮಿಷ. ಹಾಸಿಗೆಯಲ್ಲಿ ಬೇಡ, ನಿದ್ದೆ ಗೆಲ್ಲುತ್ತದೆ. ಕುರ್ಚಿ ಸಾಕು. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ.

ಐದು ಹಂತ. ಮೊದಲು ಕೃತಜ್ಞತೆ. 'ಎಲ್ಲಕ್ಕೂ ವಂದನೆ' ಎಂದು ಸಾರಾಸಗಟಾಗಿ ಅಲ್ಲ, ಇವತ್ತಿನ ಎರಡು ಮೂರು ಸಂಗತಿಗಳನ್ನು ಹೆಸರಿಟ್ಟು: ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹುಡುಗ, ಅತ್ತೆ ತೆಗೆದಿಟ್ಟಿದ್ದ ಸಾರು. ಎರಡನೆಯದು ಬೆಳಕಿಗಾಗಿ ಬೇಡಿಕೆ, ನನ್ನನ್ನು ನಿನ್ನ ಕಣ್ಣಿಂದ ನೋಡುವಂತೆ ಮಾಡು ಎಂದು. ಮೂರನೆಯದು ದಿನವನ್ನು ಎದ್ದ ಹೊತ್ತಿನಿಂದ ಗಂಟೆ ಗಂಟೆಯಾಗಿ ಹಿಂದಿರುಗಿ ನೋಡುವುದು. ಮೊದಲು ಯೋಚನೆ, ಆಮೇಲೆ ಮಾತು, ಆಮೇಲೆ ಕೆಲಸ. ನಾಲ್ಕನೆಯದು ಕ್ಷಮೆ ಕೇಳುವುದು. ಐದನೆಯದು ನಾಳೆಗೊಂದು ತಿದ್ದುಪಡಿ, ಕೊನೆಗೆ ಯೇಸು ಕಲಿಸಿದ ಪ್ರಾರ್ಥನೆ. ಹದಿನೈದರಲ್ಲಿ ಮೂರನೆಯ ಹಂತಕ್ಕೆ ಆರೇಳು ನಿಮಿಷ ಬೇಕು, ಉಳಿದವಕ್ಕೆ ಎರಡೆರಡು ಸಾಕು.

ಗುರಿ ಹುಡುಕುವವರು ಮೂರನೆಯ ಹಂತದಲ್ಲಿ ತಪ್ಪುಗಳ ಜೊತೆಗೆ ಇನ್ನೊಂದನ್ನೂ ನೋಡಬೇಕು. ಇವತ್ತು ಯಾವ ಗಳಿಗೆಯಲ್ಲಿ ವಿಶ್ವಾಸ, ಭರವಸೆ, ಪ್ರೀತಿ ಹೆಚ್ಚಿತು? ಯಾವಾಗ ಕುಗ್ಗಿತು? ಹೆಚ್ಚಿದ್ದಕ್ಕೆ ಸಾಂತ್ವನ ಎನ್ನುತ್ತಾರೆ, ಕುಗ್ಗಿದ್ದಕ್ಕೆ ಬರಡುತನ. ಇಲ್ಲೊಂದು ಗೊಂದಲ ಬಹಳ ಸಾಮಾನ್ಯ. ಸಾಂತ್ವನ ಎಂದರೆ ಖುಷಿ ಅಲ್ಲ. ತಪ್ಪಿಗಾಗಿ ಅತ್ತ ಕಣ್ಣೀರೂ ಸಾಂತ್ವನವಾಗಬಹುದು, ಅದು ದೇವರ ಕಡೆಗೆ ತಿರುಗಿಸಿದ್ದರೆ. ಆಫೀಸಿನಲ್ಲಿ ಎಲ್ಲರೂ ಹೊಗಳಿದ ಸಂಜೆ ಒಳಗೊಳಗೇ ತಣ್ಣಗಾಗಿ, ಮನೆಯವರ ಮೇಲೆ ರೇಗಿದ್ದರೆ ಅದು ಬರಡುತನವೇ.

ದಿನಕ್ಕೆ ಒಂದು ಸಾಲು ಬರೆದಿಡಿ. ಹೆಚ್ಚು ಬೇಡ, ಡೈರಿ ಸಾಹಿತ್ಯವಾಗಿಬಿಟ್ಟರೆ ಮೂರನೇ ವಾರಕ್ಕೆ ನಿಲ್ಲುತ್ತದೆ. 'ಮಧ್ಯಾಹ್ನ, ಹೊಸಬಳಿಗೆ ಕೆಲಸ ಹೇಳಿಕೊಟ್ಟಾಗ, ಹೆಚ್ಚಿತು.' 'ಸಂಜೆ, ಸಂಬಳದ ಹೋಲಿಕೆ, ಕುಗ್ಗಿತು.' ಒಂದು ದಿನದ ಸಾಲಿನಿಂದ ಏನೂ ತಿಳಿಯದು. 40 ಸಾಲುಗಳನ್ನು ಒಟ್ಟಿಗೆ ಓದಿದಾಗ ಒಂದೇ ಬಗೆಯ ಕೆಲಸ, ಒಂದೇ ಬಗೆಯ ಜನ, ಒಂದೇ ಬಗೆಯ ಅಂಜಿಕೆ ಮತ್ತೆ ಮತ್ತೆ ಕಾಣುತ್ತವೆ. ಬದುಕಿನ ಗುರಿ ಎಂದು ನಾವು ಆಕಾಶದಲ್ಲಿ ಹುಡುಕುವುದು ಸಾಮಾನ್ಯವಾಗಿ ಈ ಪುನರಾವರ್ತನೆಯಲ್ಲಿ ಮೊದಲು ಮುಖ ತೋರಿಸುತ್ತದೆ.

ಒಂದೇ ಒಂದು ದೋಷವನ್ನು ಬೇರು ಸಮೇತ ಕೀಳಬೇಕೆಂದಿದ್ದರೆ ಅದಕ್ಕೆ ಬೇರೆ ಕ್ರಮವಿದೆ. ಕೈಪಿಡಿಯಲ್ಲಿ ಅದರ ಚಿತ್ರವನ್ನೇ ಕೊಟ್ಟಿದ್ದಾರೆ. ವಾರದ ಏಳು ದಿನಕ್ಕೆ ಏಳು ಜೋಡಿ ಗೆರೆ. ಬೆಳಿಗ್ಗೆ ಎದ್ದಾಗ ಸಂಕಲ್ಪ, ಉದಾಹರಣೆಗೆ ಇವತ್ತು ಚುಚ್ಚಿ ಮಾತಾಡುವುದಿಲ್ಲ ಎಂದು. ಮಧ್ಯಾಹ್ನದ ಊಟದ ನಂತರ ಗಂಟೆವಾರು ನೆನೆದು, ಎಷ್ಟು ಸಲ ಬಿದ್ದೆವೋ ಅಷ್ಟು ಚುಕ್ಕಿ ಮೇಲಿನ ಗೆರೆಯ ಮೇಲೆ. ರಾತ್ರಿ ಮತ್ತೆ ಅಷ್ಟೇ, ಕೆಳಗಿನ ಗೆರೆಯ ಮೇಲೆ. ಬಿದ್ದ ಕ್ಷಣದಲ್ಲಿ, ನಾಲ್ಕು ಜನರ ನಡುವೆ ಇದ್ದರೂ ಯಾರಿಗೂ ತಿಳಿಯದ ಹಾಗೆ, ಎದೆಯ ಮೇಲೆ ಒಮ್ಮೆ ಕೈಯಿಡಬೇಕು. ಮೇಲಿನ ಗೆರೆಯನ್ನು ಕೆಳಗಿನದರೊಂದಿಗೆ, ಇವತ್ತನ್ನು ನಿನ್ನೆಯೊಂದಿಗೆ, ಈ ವಾರವನ್ನು ಹಿಂದಿನದರೊಂದಿಗೆ ಹೋಲಿಸಬೇಕು. ಭಾನುವಾರದ ಗೆರೆಯ ಗುರುತಿನ ಅಕ್ಷರ ದೊಡ್ಡದು, ಮುಂದಿನ ದಿನಗಳದ್ದು ಚಿಕ್ಕದು, ಚುಕ್ಕಿ ಕಡಿಮೆಯಾಗುತ್ತಾ ಹೋಗಲಿ ಎಂಬ ನಿರೀಕ್ಷೆಯಿದ್ದ ಹಾಗೆ. ಇದಕ್ಕೆ ಆ್ಯಪ್ ಹುಡುಕುವವರಿದ್ದಾರೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂಬದಿ ಧಾರಾಳ ಸಾಕು.

ಇಲ್ಲಿ ಕೆಡುವುದು ಹೇಗೆ? ಚುಕ್ಕಿಯೇ ದೇವರಾಗಿಬಿಡುತ್ತದೆ. ಇದು ಮೊದಲು ಕೆಟ್ಟದ್ದು ಇಗ್ನೇಷಿಯಸರಿಗೇ. 1522ರಲ್ಲಿ ಮನ್ರೇಸಾದಲ್ಲಿ, ಮಾಡಿದ ಪಾಪನಿವೇದನೆ ಪೂರ್ತಿಯಾಗಲಿಲ್ಲವೇನೋ ಎಂಬ ಸಂಶಯ ತಿಂಗಳುಗಟ್ಟಲೆ ಕಾಡಿತು. ಮತ್ತೆ ಮತ್ತೆ ನಿವೇದಿಸಿದರೂ ತಣಿಯಲಿಲ್ಲ. ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಯಿತು. ದೇವರು ಬಿಡುಗಡೆ ಕೊಡುವವರೆಗೆ ಊಟ ಮಾಡುವುದಿಲ್ಲ ಎಂದು ಒಂದು ವಾರ ಉಪವಾಸ ಕೂತರು. ನಿಲ್ಲಿಸು ಎಂದು ಪಾಪನಿವೇದನೆಯ ಗುರು ಆಜ್ಞೆ ಮಾಡಬೇಕಾಯಿತು. ಈ ಅನುಭವದಿಂದಲೇ ಅವರು ಸಂಶಯಪಿಶಾಚಿಯ ಬಗ್ಗೆ ಬೇರೆಯದೇ ಟಿಪ್ಪಣಿ ಬರೆದರು. ಅದರಲ್ಲಿನ ಉದಾಹರಣೆ ನೋಡಿ: ನೆಲದ ಮೇಲೆ ಎರಡು ಹುಲ್ಲುಕಡ್ಡಿಗಳು ಅಡ್ಡಡ್ಡ ಬಿದ್ದು ಶಿಲುಬೆಯ ಆಕಾರವಾಗಿವೆ. ನೋಡದೆ ತುಳಿದೆ. ಆಮೇಲೆ 'ಅಯ್ಯೋ, ಪಾಪ ಮಾಡಿದೆ' ಎಂದುಕೊಂಡೆ. ಇದು ಪಾಪವಲ್ಲ, ತಪ್ಪು ತೀರ್ಪು, ಅಷ್ಟೇ. ಔಷಧಿಯೂ ಅಲ್ಲೇ ಇದೆ. ಮನಸ್ಸು ಅತಿ ನಯವಾಗಿದ್ದರೆ ಇನ್ನೂ ನಯ ಮಾಡಬೇಡಿ, ಸ್ವಲ್ಪ ಗಟ್ಟಿ ಮಾಡಿ. ಅತಿ ಒರಟಾಗಿದ್ದರೆ ನಯ ಮಾಡಿ. ಹಾಗಾಗಿ ಎಲ್ಲದಕ್ಕೂ ತನ್ನನ್ನೇ ದೂರಿಕೊಳ್ಳುವ ಸ್ವಭಾವದವರಿಗೆ ಚುಕ್ಕಿಗಳ ಕ್ರಮ ಬೇಡವೇ ಬೇಡ. ಅವರು ಹದಿನೈದರಲ್ಲಿ ಹತ್ತು ನಿಮಿಷ ಕೃತಜ್ಞತೆಯಲ್ಲೇ ಕಳೆಯಲಿ.

ಇನ್ನೊಂದು ಮಾತು ಇಲ್ಲೇ. ಬರಡುತನ ಬೇರೆ, ಖಿನ್ನತೆ ಎಂಬ ಕಾಯಿಲೆ ಬೇರೆ. ಎರಡು ವಾರ ಮೀರಿ ನಿದ್ದೆ, ಹಸಿವು, ಕೆಲಸದ ಆಸಕ್ತಿ ಕೆಟ್ಟಿದ್ದರೆ, ಬದುಕೇ ಬೇಡ ಎನಿಸಿದರೆ, ಮೊದಲು ವೈದ್ಯರು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ. ಪ್ರಾರ್ಥನೆ ಜೊತೆಗಿರಲಿ. ಆದರೆ ಮಾತ್ರೆ ನುಂಗುವುದನ್ನು ವಿಶ್ವಾಸದ ಕೊರತೆ ಎನ್ನುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಬರಡುತನದ ಬಗ್ಗೆ ಇಗ್ನೇಷಿಯಸರ ಐದನೆಯ ನಿಯಮ ಬಹಳ ಪ್ರಸಿದ್ಧ. ಬರಡುತನದಲ್ಲಿರುವಾಗ ಯಾವ ಬದಲಾವಣೆಯನ್ನೂ ಮಾಡಬೇಡಿ, ಸಾಂತ್ವನದಲ್ಲಿದ್ದಾಗ ಮಾಡಿದ ನಿರ್ಧಾರದಲ್ಲಿ ನಿಲ್ಲಿ. ರಾಜೀನಾಮೆ ಪತ್ರಗಳಲ್ಲಿ ಎಷ್ಟು ಭಾನುವಾರ ರಾತ್ರಿ ಟೈಪಾದವು ಎಂದು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಆದರೆ ಆರನೆಯ ನಿಯಮವನ್ನು ಯಾರೂ ಹೇಳುವುದಿಲ್ಲ. ನಿರ್ಧಾರ ಬದಲಿಸಬೇಡಿ, ನಿಮ್ಮನ್ನು ಬದಲಿಸಿಕೊಳ್ಳಿ ಎನ್ನುತ್ತದೆ ಅದು. ಪ್ರಾರ್ಥನೆ ಹೆಚ್ಚಿಸಿ, ಪರಿಶೀಲನೆ ಹೆಚ್ಚಿಸಿ, ಒಂದಿಷ್ಟು ತಪಸ್ಸು ಮಾಡಿ. ಸುಮ್ಮನೆ ಹಲ್ಲು ಕಚ್ಚಿ ಕೂರುವುದಲ್ಲ. ಒಂದು ಗಂಟೆ ಪ್ರಾರ್ಥನೆಗೆಂದು ಕೂತು ಬೇಸರವಾಗಿ ಏಳಬೇಕೆನಿಸಿದರೆ, ಪೂರ್ತಿ ಗಂಟೆ ಕೂತು ಅದರ ಮೇಲೆ ಒಂದಿಷ್ಟು ಹೊತ್ತು ಹೆಚ್ಚಿಗೆ ಕೂರಬೇಕು ಎಂಬುದು ಅವರ ಇನ್ನೊಂದು ಸೂಚನೆ. ಹದಿನೈದು ನಿಮಿಷದವರು ಹದಿನೇಳು ಮಾಡಲಿ.

ಬರಡುತನ ಏಕೆ ಬಂತು ಎಂಬುದಕ್ಕೂ ಮೂರು ಕಾರಣ ಹೇಳುತ್ತಾರೆ. ನಾವೇ ಸೋಮಾರಿಗಳಾಗಿರಬಹುದು. ಪ್ರತಿಫಲವಿಲ್ಲದೆ ಎಷ್ಟು ದೂರ ನಡೆಯುತ್ತೇವೆ ಎಂಬ ಪರೀಕ್ಷೆಯಿರಬಹುದು. ಅಥವಾ ಸಾಂತ್ವನ ನಮ್ಮ ಸಂಪಾದನೆಯಲ್ಲ, ಉಡುಗೊರೆ ಎಂದು ತಿಳಿಸಲು ಇರಬಹುದು. ಮೂರರಲ್ಲಿ ಮೊದಲನೆಯದು ಮಾತ್ರ ನಮ್ಮ ಕೈಲಿದೆ, ಆದ್ದರಿಂದ ಅದನ್ನೇ ಮೊದಲು ನೋಡಿ.

ಪ್ರಾರ್ಥನೆಯಲ್ಲಿ ಸ್ವಲ್ಪ ದೂರ ಬಂದವರಿಗೆ ಅಪಾಯ ಬರಡುತನದಿಂದಲ್ಲ, ಒಳ್ಳೆಯ ವಿಚಾರದಿಂದಲೇ. ಬಡಮಕ್ಕಳಿಗೆ ಸಂಜೆ ಪಾಠ ಹೇಳಬೇಕೆಂಬ ಉತ್ಸಾಹ ಒಳ್ಳೆಯದೇ. ಅದರಿಂದ ಟ್ರಸ್ಟ್ ಕಟ್ಟುವ ಯೋಚನೆ, ಅದರಿಂದ ಅಧ್ಯಕ್ಷ ಯಾರು ಎಂಬ ಯೋಚನೆ, ಅದರಿಂದ ಜೊತೆಗಾರರ ಮೇಲೆ ಅನುಮಾನ, ಕೊನೆಗೆ ಮನೆಯಲ್ಲಿ ಮಾತುಬಿಟ್ಟ ಸ್ಥಿತಿ. ಆರಂಭ, ಮಧ್ಯ, ಅಂತ್ಯ ಮೂರೂ ಒಳ್ಳೆಯದಾಗಿದ್ದರೆ ಮಾತ್ರ ಒಳ್ಳೆಯ ಆತ್ಮದ ಕೆಲಸ ಎನ್ನುತ್ತದೆ ಕೈಪಿಡಿ. ಕೊನೆ ಕೆಟ್ಟಿದ್ದರೆ ಹಿಂದಕ್ಕೆ ನಡೆದು ಎಲ್ಲಿ ತಿರುವು ಬಂತೆಂದು ನೋಡಿ ಗುರುತಿಟ್ಟುಕೊಳ್ಳಬೇಕು. ಮುಂದಿನ ಸಲ ಅದೇ ತಿರುವಿನಲ್ಲಿ ಎಚ್ಚರವಾಗುತ್ತದೆ. ಸ್ಪರ್ಶದಿಂದಲೂ ಗುರುತಿಸಬಹುದು. ದೇವರ ಕಡೆಗೆ ಸಾಗುತ್ತಿರುವವರನ್ನು ಒಳ್ಳೆಯ ಆತ್ಮ ಮುಟ್ಟುವುದು ಸ್ಪಂಜಿನೊಳಕ್ಕೆ ನೀರಹನಿ ಇಳಿದಂತೆ, ಕೆಟ್ಟದ್ದು ಮುಟ್ಟುವುದು ಕಲ್ಲಿನ ಮೇಲೆ ಹನಿ ಬಿದ್ದು ಸಿಡಿದಂತೆ. 'ಈಗಲೇ, ಇವತ್ತೇ, ಯಾರಿಗೂ ಹೇಳದೆ' ಎಂದು ಅವಸರ ಮಾಡುವ ದೈವಕರೆಯಲ್ಲಿ ಸಾಮಾನ್ಯವಾಗಿ ಸಿಡಿತದ ಸದ್ದೇ ಹೆಚ್ಚು. ಗುಟ್ಟನ್ನು ಬಯಸುವುದು ಶತ್ರುವಿನ ಲಕ್ಷಣ ಎಂದು ಇಗ್ನೇಷಿಯಸ್ ಪ್ರತ್ಯೇಕವಾಗಿ ಹೇಳಿದ್ದಾರೆ. ಅನುಭವಿ ಗುರುವಿನ ಮುಂದೆ ಬಾಯಿ ಬಿಟ್ಟು ಹೇಳಿದ ಕೂಡಲೇ ಅರ್ಧ ಗಾಳಿ ಹೋಗುತ್ತದೆ.

ಇನ್ನು ನಿರ್ಧಾರ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ 29 ವರ್ಷದ ಸ್ಟಾಫ್ ನರ್ಸ್. ಐರ್ಲೆಂಡಿನಿಂದ ಕೆಲಸದ ಆಹ್ವಾನ ಬಂದಿದೆ. ಮನೆಯಲ್ಲಿ ಅಮ್ಮ ಒಬ್ಬರೇ, ತಮ್ಮನ ಓದಿನ ಸಾಲವಿದೆ. ಆಕೆಯ ಪ್ರಾರ್ಥನೆ: 'ಸ್ವಾಮಿ, ನನ್ನ ಬದುಕಿನ ಗುರಿ ಏನು?' ಇದೇ ಮೊದಲ ತಪ್ಪು, ಪ್ರಶ್ನೆ ತೂಕಕ್ಕೆ ಸಿಗದಷ್ಟು ದೊಡ್ಡದು. ಹೌದು ಅಥವಾ ಅಲ್ಲ ಎಂದು ಹೇಳಬಹುದಾದ ಒಂದೇ ವಾಕ್ಯ ಬರೆಯಬೇಕು: 'ಈ ಕೆಲಸ ಒಪ್ಪಲೇ?' ಎರಡು ದಾರಿಯೂ ಒಳ್ಳೆಯವೇ ಆಗಿರಬೇಕು. ಕೆಟ್ಟದ್ದಕ್ಕೂ ಒಳ್ಳೆಯದಕ್ಕೂ ನಡುವೆ ವಿವೇಚನೆಯ ಮಾತೇ ಇಲ್ಲ. ಹಾಗೆಯೇ ಮದುವೆ, ಗುರುದೀಕ್ಷೆಯಂಥ ಬದಲಿಸಲಾಗದ ಆಯ್ಕೆ ಈಗಾಗಲೇ ಆಗಿದ್ದರೆ ಅದನ್ನು ಮತ್ತೆ ತಕ್ಕಡಿಗೆ ಹಾಕುವಂತಿಲ್ಲ, ಅದರೊಳಗೆ ಚೆನ್ನಾಗಿ ಬಾಳುವುದನ್ನೇ ಹುಡುಕಬೇಕು.

ಎರಡನೆಯದು ಮುಳ್ಳು ನಡುವೆ ನಿಲ್ಲಿಸುವುದು. ಹೋಗುವ ಆಸೆ ಈಗಾಗಲೇ ಹತ್ತಕ್ಕೆ ಒಂಬತ್ತಿದ್ದರೆ ಅದನ್ನು ದೇವರ ಮುಂದೆ ಒಪ್ಪಿಕೊಂಡು, ಸಮಚಿತ್ತ ಬೇಡಿಕೊಂಡು, ಕೆಲವು ದಿನ ಅಲ್ಲೇ ನಿಲ್ಲಬೇಕು. ಮುಳ್ಳು ನಿಂತ ಮೇಲೆ ಒಂದು ಹಾಳೆ, ನಾಲ್ಕು ಕಾಲಂ: ಹೋದರೆ ಲಾಭ, ಹೋದರೆ ನಷ್ಟ, ಉಳಿದರೆ ಲಾಭ, ಉಳಿದರೆ ನಷ್ಟ. ನಾಲ್ಕೇಕೆ, ಎರಡು ಸಾಲದೇ? ಸಾಲದು. 'ಹೋದರೆ ನಷ್ಟ' ಬರೆಯುವಾಗ 'ಅಮ್ಮ ಒಂಟಿ' ಎಂದು ಬರುತ್ತದೆ. 'ಉಳಿದರೆ ಲಾಭ' ಬರೆಯುವಾಗ ಅದೇ ಮತ್ತೆ ಬರಬೇಕಿತ್ತು, ಆದರೆ ಪೆನ್ನು ನಿಲ್ಲುತ್ತದೆ, ಏಕೆಂದರೆ ಉಳಿದರೂ ಹಾಸ್ಟೆಲಿನಲ್ಲಿದ್ದು ತಿಂಗಳಿಗೊಮ್ಮೆ ಮನೆಗೆ ಹೋಗುವುದು. ಎರಡೇ ಕಾಲಂ ಇದ್ದರೆ ಇಂಥ ಸತ್ಯ ಅಡಗಿಯೇ ಇರುತ್ತದೆ.

ಕಾಲಂ ತುಂಬಿದ ಮೇಲೆ ಎಣಿಸಬೇಡಿ, ತೂಗಿ. ಹೋಗುವ ಕಡೆ ಒಂಬತ್ತು ಸಾಲು, ಉಳಿಯುವ ಕಡೆ ಮೂರು ಎಂದರೆ ಗೆದ್ದಂತಲ್ಲ. ಪ್ರತಿ ಸಾಲನ್ನೂ ಕೇಳಿ: ಇದು ದೇವರ ಸೇವೆಗೂ ನನ್ನ ಆತ್ಮದ ಒಳಿತಿಗೂ ಸಂಬಂಧಪಟ್ಟದ್ದೇ? 'ಸಾಲ ತೀರುತ್ತದೆ' ಉಳಿಯುತ್ತದೆ, ಸಾಲ ತೀರಿಸುವುದೂ ನ್ಯಾಯ. 'ಕೂಡೆ ಓದಿದವರೆಲ್ಲ ಹೋದರು' ಬಿದ್ದುಹೋಗುತ್ತದೆ.

ಮುಳ್ಳು ಇನ್ನೂ ಅಲುಗುತ್ತಿದ್ದರೆ ಎರಡನೆಯ ದಾರಿಯಿದೆ. ನೀವೆಂದೂ ನೋಡಿರದ ಒಬ್ಬಾಕೆ ಇದೇ ಪ್ರಶ್ನೆ ಹಿಡಿದು ಬಂದಿದ್ದಾಳೆ, ಆಕೆಗೆ ಒಳ್ಳೆಯದಾಗಲಿ ಎಂದಷ್ಟೇ ನಿಮ್ಮ ಆಸೆ. ಏನು ಹೇಳುತ್ತೀರಿ? ನಿಮ್ಮ ಮರಣದ ಗಳಿಗೆಯಲ್ಲಿ ಮಲಗಿ ಹಿಂದಿರುಗಿ ನೋಡಿದರೆ ಯಾವುದನ್ನು ಮಾಡಿರಬೇಕಿತ್ತು ಎನಿಸುತ್ತದೆ? ನ್ಯಾಯತೀರ್ಪಿನ ದಿನ? ಮೊದಲ ಪ್ರಶ್ನೆ ಹೆಚ್ಚಿನವರಿಗೆ ಒದಗುತ್ತದೆ. ಅಪರಿಚಿತೆಗೆ ಹೇಳುವಾಗ ನಮ್ಮ ನೆಪಗಳು ನೆನಪಿಗೆ ಬರುವುದಿಲ್ಲ. ಕೈಪಿಡಿಯಲ್ಲಿಲ್ಲದ, ಆದರೆ ಮಾರ್ಗದರ್ಶಕರು ಹೇಳಿಕೊಡುವ ಇನ್ನೊಂದು ಅಭ್ಯಾಸವೂ ಇದೆ. ಮೂರು ದಿನ ಹೋಗುವುದೇ ಖಚಿತ ಎಂದುಕೊಂಡು ಬದುಕುವುದು, ಮೂರು ದಿನ ಉಳಿಯುವುದೇ ಖಚಿತ ಎಂದುಕೊಂಡು, ರಾತ್ರಿಯ ಹದಿನೈದು ನಿಮಿಷದಲ್ಲಿ ಒಳಗಿನ ರುಚಿಯನ್ನು ಬರೆದುಕೊಳ್ಳುವುದು. ಆಹ್ವಾನಪತ್ರಕ್ಕೆ ಹತ್ತು ದಿನದ ಗಡುವಿದ್ದರೂ ಇಷ್ಟು ಮಾಡಬಹುದು.

ಮಾರ್ಗದರ್ಶಕರು ಎಂದಾಗ ಒಂದು ಎಚ್ಚರಿಕೆ. ಧ್ಯಾನ ಮಾಡಿಸುವವರು ಬಡತನದ ಕಡೆಗಾಗಲಿ, ಸನ್ಯಾಸದ ಕಡೆಗಾಗಲಿ ತಳ್ಳಬಾರದು. ಅವರೂ ತಕ್ಕಡಿಯ ಮುಳ್ಳಿನ ಹಾಗೆ ನಡುವೆ ನಿಂತು, ಸೃಷ್ಟಿಕರ್ತನು ತನ್ನ ಸೃಷ್ಟಿಯೊಂದಿಗೆ ನೇರವಾಗಿ ವ್ಯವಹರಿಸಲು ಬಿಡಬೇಕು. ಇದು ಕೈಪಿಡಿಯ ಆರಂಭದ 20 ಸೂಚನೆಗಳಲ್ಲಿ 15ನೆಯದು. ನಿಮ್ಮ ತಲೆಯ ಮೇಲೆ ಕೈಯಿಟ್ಟು 'ನೀನು ಇಂಥದ್ದೇ ಮಾಡಬೇಕೆಂದು ದೇವರು ನನಗೆ ಹೇಳಿದ್ದಾನೆ' ಎನ್ನುವವರು ಎಷ್ಟೇ ದೊಡ್ಡವರಾಗಿರಲಿ, ಈ ಸೂಚನೆಯ ಆಚೆಗಿದ್ದಾರೆ. 30 ದಿನ ಬಿಡುವಿಲ್ಲದವರಿಗೆ 19ನೆಯ ಸೂಚನೆ: ಮನೆ, ಕೆಲಸ ಬಿಡದೆ ದಿನಕ್ಕೆ ಒಂದೂವರೆ ಗಂಟೆ ತೆಗೆದಿಟ್ಟು, ತಿಂಗಳುಗಟ್ಟಲೆ ಹರಡಿಕೊಂಡು ಮಾಡಬಹುದು. ವಾರಕ್ಕೊಮ್ಮೆಯಾದರೂ ಮಾರ್ಗದರ್ಶಕರನ್ನು ಕಾಣಬೇಕು. ಒಬ್ಬರೇ ಪುಸ್ತಕ ಹಿಡಿದು ಮಾಡುವುದಕ್ಕೆ ಇದು ತಕ್ಕದ್ದಲ್ಲ.

ನಿರ್ಧಾರವಾದ ಮೇಲೆ ಉಳಿಯುವ ಹೆಜ್ಜೆ ಅದನ್ನು ಪ್ರಾರ್ಥನೆಯಲ್ಲಿ ದೇವರಿಗೆ ಒಪ್ಪಿಸಿ ದೃಢೀಕರಣಕ್ಕೆ ಕಾಯುವುದು. ಎಷ್ಟು ಕಾಯಬೇಕು ಎಂಬ ಪ್ರಶ್ನೆ ಇಂಥ ಸಭೆಗಳಲ್ಲಿ ಬಂದೇ ಬರುತ್ತದೆ. ಅದಕ್ಕೆ ಇಗ್ನೇಷಿಯಸರ ಖಾಸಗಿ ದಿನಚರಿಯಲ್ಲೇ ಒಂದು ಸಂದರ್ಭವಿದೆ. 1544ರಲ್ಲಿ ಅವರ ಮುಂದಿದ್ದದ್ದು ಮೇಲುನೋಟಕ್ಕೆ ಸಪ್ಪೆ ಆಡಳಿತದ ಪ್ರಶ್ನೆ: ತಾವು ಕಟ್ಟಿದ ಯೇಸುಸಭೆಯ (ಜೆಸ್ವಿಟ್ ಗುರುಗಳ ಸಂಘದ) ಚರ್ಚುಗಳಿಗೆ ಖಾಯಂ ಆದಾಯ ಇರಬೇಕೇ, ಬೇಡವೇ? ಪರ ವಿರೋಧಗಳನ್ನು ಬರೆದರು. ಬೇಡ ಎಂಬ ಕಡೆಗೆ ವಾಲಿತು. ಫೆಬ್ರುವರಿ 2ರಿಂದ ದಿನವೂ ಪೂಜೆಯಲ್ಲಿ ಅದನ್ನು ಅರ್ಪಿಸಿ, ಆ ದಿನ ಒಳಗೆ ಏನಾಯಿತೆಂದು ಬರೆಯತೊಡಗಿದರು. ಎಷ್ಟೋ ದಿನ ಕಣ್ಣೀರು ಬಂದದ್ದನ್ನೂ, ಬಾರದಿದ್ದುದನ್ನೂ ಗುರುತು ಹಾಕಿದ್ದಾರೆ. ದೃಢೀಕರಣ ಸಿಕ್ಕಿತೆನಿಸಿತು. ಮತ್ತೆ ಸಂಶಯ. ಇನ್ನೊಂದು ಸೂಚನೆ ಸಿಗಲಿ ಎಂದು ಇನ್ನೂ ಕೆಲವು ಪೂಜೆ. 40ನೆಯ ದಿನ, ಮಾರ್ಚ್ 12ರಂದು, ಏನೂ ಸಿಗದ ಒಣಗಿದ ಬೆಳಗಿನಲ್ಲಿ, ತಾವು ಇನ್ನೂ ಸೂಚನೆ ಕೇಳುತ್ತಿರುವುದು ಸಂಶಯ ಉಳಿದದ್ದಕ್ಕಲ್ಲ, ಮುಗಿಸುವ ಗಳಿಗೆ ತಮಗೆ ಸಿಹಿಯಾಗಿರಲಿ ಎಂಬ ಆಸೆಗೆ ಎಂದು ಅವರಿಗೆ ಹೊಳೆಯಿತು. ಖಾಯಂ ಆದಾಯ ಬೇಡ ಎಂದು ಅಂದೇ ತೀರ್ಮಾನಿಸಿ ಆ ಪ್ರಶ್ನೆಯನ್ನು ಮುಚ್ಚಿದರು.